ಉಪ್ಪಿನಕಾಯಿ ಬಾಟಲಿಯೂ ವ್ಯಾನಿನ ಬ್ರೇಕೂ

ಅಡಿಗೆಯ ಪುಟ ಮುಗಿಸಿ ಇತ್ತ ಬಂದ ಸೋದರಿಯರೇ, ತಲೆಬರಹ ನೋಡಿ "ಗ್ಯಾರೇಜಿನ ಮಾತು ನಮಗ್ಯಾಕಪ್ಪ?" ಅಂತ ಪುಟ ಮಗುಚಬೇಡಿ. ನಿಮ್ಮ ಮನೆ ಮುಂದೆಯೂ ಒಂದು ಹಳೇ ಕಾರೋ ವ್ಯಾನೋ ನಿಂತಿದ್ದೀತು. ಅದರಲ್ಲಿ ಓಡಾಡುವವರು ನಮ್ಮ ಗಂಡ ಮಕ್ಕಳೇ ತಾನೆ?

ನಮ್ಮದು ತೀರ್ಥಹಳ್ಳಿ ಕಡೆ. ನಾನು ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡುತ್ತೇನೆ. ನಮ್ಮ ಯಜಮಾನರು ಅದನ್ನು ಹಳೇ ಓಮ್ನಿಯಲ್ಲಿ ತುಂಬಿಕೊಂಡು, ಆಗುಂಬೆ ಘಾಟಿ ಇಳಿದು ಉಡುಪಿ ಕಡೆಯ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಮನೆ ನಡೆಯುವುದೇ ಇದರಿಂದ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಹೊಸ ಗಾಡಿ ಕೊಳ್ಳುವ ಶಕ್ತಿ ನಮಗಿಲ್ಲ. ಇದ್ದುದನ್ನೇ ಜೋಪಾನ ಮಾಡಬೇಕು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಇವರು ಬಂದವರೇ, "ಬ್ರೇಕು ಮೆತ್ತಗಾಗಿದೆ ಮಾರಾಯ್ತಿ, ಎರಡು ಮೂರು ಸಲ ತುಳಿದರೇನೇ ಹಿಡಿಯುತ್ತೆ" ಅಂದರು. ನನ್ನ ಎದೆ ಧಸಕ್ಕೆಂದಿತು. ಘಾಟಿಯ ಒಂದೊಂದು ತಿರುವೂ ಕಣ್ಣ ಮುಂದೆ ಬಂತು. ಅಂಥ ಗಾಡಿಯನ್ನು ದೂರದ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದೂ ಅಪಾಯವೇ.

ಬ್ರೇಕು ಮೆತ್ತಗಾಗುವುದು ಯಾಕೆ? ನಾನೂ ಕೇಳಿ ತಿಳಿದುಕೊಂಡೆ. ಪೆಡಲ್ ತುಳಿದಾಗ ಸಣ್ಣ ಪೈಪುಗಳಲ್ಲಿರುವ ಬ್ರೇಕ್ ಆಯಿಲ್ ಆ ಒತ್ತಡವನ್ನು ನಾಲ್ಕೂ ಚಕ್ರಕ್ಕೆ ಮುಟ್ಟಿಸುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ. ಆದರೆ ನಡುವೆ ಗಾಳಿಯ ಗುಳ್ಳೆ ಸೇರಿದರೆ, ನಮ್ಮ ಬಲವೆಲ್ಲ ಅದನ್ನು ಅಮುಕುವುದಕ್ಕೇ ಖರ್ಚಾಗುತ್ತದೆ.

ಇನ್ನೊಂದು ವಿಷಯ ಮಲೆನಾಡಿನ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಆಷಾಢದಲ್ಲಿ ಹಪ್ಪಳದ ಡಬ್ಬ ತೆರೆದಿಟ್ಟರೆ ಏನಾಗುತ್ತೆ? ಥಂಡಿ ಎಳೆದುಕೊಂಡು ಮೆತ್ತಗಾಗುತ್ತೆ. ಬ್ರೇಕ್ ಆಯಿಲೂ ಹಾಗೇ, ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ಡಾಟ್ 3 ಎಂಬ ಜಾತಿಯ ಹೊಸ ಆಯಿಲ್ ಕುದಿಯಬೇಕಾದರೆ ಕಡೇಪಕ್ಷ 205 ಡಿಗ್ರಿ ಶಾಖ ಬೇಕು. ನೀರು ಸೇರಿದ ಮೇಲೆ ಸುಮಾರು 140 ಡಿಗ್ರಿಗೇ ಕುದಿಯಬಹುದು. ಘಾಟಿಯಲ್ಲಿ ಒಂದೇ ಸಮ ಬ್ರೇಕು ತುಳಿದಾಗ ಚಕ್ರದ ಹತ್ತಿರ ಕಾದು ಅದು ಆವಿಯಾದರೆ ಪೆಡಲ್ ನೆಲ ಕಚ್ಚುತ್ತದೆ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿ ಇಳಿಯಿರಿ ಎಂದು ಹಿರಿಯರು ಹೇಳುವುದು ಇದಕ್ಕೇ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಬೇಕು.

ಗಾಳಿ ತೆಗೆಯುವ ಹಳೇ ಪದ್ಧತಿಗೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ, ಆಯಿಲ್ ಚಿಮ್ಮಿದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಹೋದ ಗಾಳಿ ವಾಪಸು. ತುಳಿಯುವ ಕೆಲಸ ಮಗನದಾಗಿತ್ತು. ಅವನು ಕೆಲಸಕ್ಕೆ ಬೆಂಗಳೂರು ಸೇರಿದ ಮೇಲೆ ಅದು ನನ್ನ ಪಾಲಿಗೆ ಬಂತು. ಒಲೆಯ ಮೇಲೆ ಹಿಟ್ಟು ಬೇಯುತ್ತಿರುತ್ತೆ, ಇತ್ತ "ಒತ್ತು, ಹಿಡಿ, ಬಿಡಬೇಡ" ಅಂತ ಕೂಗು. ನನ್ನ ಮೊಣಕಾಲಂತೂ ಸೋತಿತು. "ಒತ್ತುವ ಬದಲು ಆ ಕಡೆಯಿಂದ ಎಳೆದರೆ ಆಗಲ್ವಾ?" ಎಂದು ಕೇಳಿದೆ. ದೊಡ್ಡ ಗ್ಯಾರೇಜುಗಳಲ್ಲಿ ಎಳೆಯುವ ಪಂಪೇ ಇದೆಯಂತೆ. ಮಗ ಫೋನಿನಲ್ಲಿ ಜೋಡಣೆ ಹೇಳಿದ. ಬಾಟಲಿಗೆ ಗಾಳಿಯಾಡದ ಹಾಗೆ ಮುಚ್ಚಳ ಹಾಕುವ ವಿದ್ಯೆ ನನಗೆ ಗೊತ್ತೇ ಇತ್ತಲ್ಲ!

ಬೇಕಾಗುವ ಸಾಮಾನು: ಕಾಲು ಲೀಟರಿನ ದಪ್ಪ ಗಾಜಿನ, ತಗಡಿನ ತಿರುಪು ಮುಚ್ಚಳದ ಉಪ್ಪಿನಕಾಯಿ ಬಾಟಲಿ 1, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಾರದರ್ಶಕ ಪೈಪು 2 ಮೀಟರ್, ಅದೇ ಅಂಗಡಿಯಲ್ಲಿ ಸಿಗುವ, ಒಂದೇ ಕಡೆಗೆ ಗಾಳಿ ಬಿಡುವ ವಾಲ್ವ್ 2 ಮತ್ತು 'ಟಿ' ಜೋಡಣೆ 1, ಮೆಡಿಕಲ್ ಶಾಪಿನ 60 ಮಿ.ಲೀ. ಸಿರಿಂಜು 1, ಎಂ-ಸೀಲ್ 1 ಪೊಟ್ಟಣ.

ಮಾಡುವ ವಿಧಾನ: ಮುಚ್ಚಳಕ್ಕೆ ಮೊಳೆಯಿಂದ ಎರಡು ತೂತು ಮಾಡಿ, ಪೈಪು ಬಿಗಿಯಾಗಿ ಕೂರುವಷ್ಟೇ ಇರಲಿ. ಒಂದು ಪೈಪು ಬಾಟಲಿಯ ತಳದ ಹತ್ತಿರದವರೆಗೆ ಇಳಿಯಲಿ. ಇದರ ಇನ್ನೊಂದು ತುದಿ ನಿಪ್ಪಲಿಗೆ. ಎರಡನೆಯದು ಮುಚ್ಚಳದ ಕೆಳಗೆ ಇಣುಕಿದರೆ ಸಾಕು. ಎರಡರ ಸುತ್ತಲೂ ಎಂ-ಸೀಲ್ ಮೆತ್ತಿ ರಾತ್ರಿಯಿಡೀ ಬಿಡಿ. ಎರಡನೇ ಪೈಪಿಗೆ ಒಂದು ವಾಲ್ವನ್ನು ಗಾಳಿ ಬಾಟಲಿಯಿಂದ ಹೊರಗೆ ಬರುವಂತೆ ಹಾಕಿ 'ಟಿ'ಗೆ ಸೇರಿಸಿ. 'ಟಿ'ಯ ಒಂದು ಕವಲಿಗೆ ಸಿರಿಂಜು, ಇನ್ನೊಂದಕ್ಕೆ ಗಾಳಿ ಹೊರಕ್ಕೆ ಬಿಡುವ ಎರಡನೇ ವಾಲ್ವು. ಸಿರಿಂಜು ಎಳೆದಾಗ ಬಾಟಲಿಯ ಗಾಳಿ ಬರುತ್ತದೆ, ಒತ್ತಿದಾಗ ಹೊರಗೆ ಹೋಗುತ್ತದೆ.

ನಿಪ್ಪಲಿನ ಪೈಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಐದಾರು ಸಲ ಎಳೆದು ನೋಡಿ. ಬೆರಳು ತೆಗೆದಾಗ 'ಸ್ಸ್' ಎಂದರೆ ಬಾಟಲಿ ಭದ್ರವಾಗಿದೆ. ನೀರು ಹಾಕಿ ಪರೀಕ್ಷೆ ಮಾಡಬೇಡಿ. ನೀರೇ ಅಲ್ಲವೇ ಇದರ ಶತ್ರು?

ನಮ್ಮತ್ತೆ ಇದನ್ನು ನೋಡಿ, "ಉಪ್ಪಿನಕಾಯಿ ಬಾಟ್ಲೀನ ಆಸ್ಪತ್ರೇಲಿ ಮಲಗಿಸಿದ ಹಾಗಿದೆಯಲ್ಲೇ" ಎಂದು ನಕ್ಕರು.

ಉಪಯೋಗಿಸುವ ಕ್ರಮ: ಗಾಡಿ ಸಮನೆಲದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕನ್ನು ನಂಬಿ ಯಾರೂ ಕೆಳಗೆ ನುಗ್ಗಬಾರದು, ಗಟ್ಟಿ ಆಧಾರ ಇರಲೇಬೇಕು. ಬ್ರೇಕ್ ಆಯಿಲ್ ಡಬ್ಬಿಗೆ ಹೊಸ ಆಯಿಲ್ ತುಂಬಿಸಿ. ಬಾಟಲಿಯ ತಳಕ್ಕೂ ಪೈಪಿನ ತುದಿ ಮುಳುಗುವಷ್ಟು ಹಾಕಿ, ಆಗ ಗುಳ್ಳೆ ಕಾಣುತ್ತದೆ. ನಾವು ದೂರದ ಚಕ್ರದಿಂದ ಶುರು ಮಾಡುತ್ತೇವೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಗಾಡಿಗಳಿಗೆ ಕ್ರಮ ಬೇರೆ, ಗಾಡಿಯ ಪುಸ್ತಕ ನೋಡಿ. ನಿಪ್ಪಲಿಗೆ ರಿಂಗ್ ಸ್ಪ್ಯಾನರ್ ಹಾಕಿ, ಅದರ ಮೇಲೆ ಪೈಪು ಸಿಕ್ಕಿಸಿ. ಐದಾರು ಸಲ ಎಳೆದು ಕಾಲು ಸುತ್ತು ಸಡಿಲಿಸಿ. ಕಪ್ಪು ಆಯಿಲ್ ಇಳಿದು ತಿಳಿಯಾದದ್ದು ಬಂದ ಮೇಲೆ ನಿಪ್ಪಲ್ ಬಿಗಿಯಿರಿ, ಆಮೇಲೆ ಪೈಪು ತೆಗೆಯಿರಿ. ನಡುನಡುವೆ ಮೇಲಿನ ಡಬ್ಬಿ ನೋಡುತ್ತಿರಿ. ಅದು ಬರಿದಾದರೆ ಗಾಳಿ ಒಳಗೆ ಸೇರಿ ಕೆಲಸ ಮೊದಲಿನಿಂದ.

ಒಂದು ಗುಟ್ಟು ಹೇಳುತ್ತೇನೆ. ಎಷ್ಟು ಎಳೆದರೂ ಸಣ್ಣ ಗುಳ್ಳೆ ಬರುತ್ತಲೇ ಇದ್ದರೆ ಗಾಬರಿ ಬೇಡ. ಸಡಿಲಿಸಿದ ನಿಪ್ಪಲಿನ ಮರೆಯ ಸುತ್ತಿನಿಂದ ಹೊರಗಿನ ಗಾಳಿಯೇ ನುಸುಳುತ್ತಿರಬಹುದು. ಬುಡಕ್ಕೆ ಹೊರಗಿನಿಂದ ಸ್ವಲ್ಪ ಗ್ರೀಸ್ ಹಚ್ಚಿದರೆ ಕಡಿಮೆಯಾಗುತ್ತದೆ. ಕೊನೆಯ ಮಾತು ಪೆಡಲ್ ಹೇಳಬೇಕು: ತುಳಿದರೆ ಗಟ್ಟಿಯಾಗಿ, ಎತ್ತರದಲ್ಲೇ ನಿಲ್ಲಬೇಕು. ಹಾಗಾಗದಿದ್ದರೆ, ಎಲ್ಲಾದರೂ ಆಯಿಲ್ ಜಿನುಗುತ್ತಿದ್ದರೆ ಅಥವಾ ಗಾಡಿಗೆ ಎಬಿಎಸ್ ಇದ್ದರೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಇದರಲ್ಲಿ ಜಿಪುಣತನ ಸಲ್ಲದು. ಸರಿಯಾಯಿತು ಎನಿಸಿದರೂ ಮೊದಲು ಅಂಗಳದಲ್ಲೇ ನಿಧಾನವಾಗಿ ಓಡಿಸಿ ನೋಡಬೇಕು.

ಮನೆಯೊಡತಿಯರು ನೆನಪಿಡಬೇಕಾದ್ದು: ಹೆಸರು ಬ್ರೇಕ್ ಆಯಿಲ್ ಆದರೂ ಅದು ಎಣ್ಣೆಯಲ್ಲ. ಬೇರೆ ಯಾವ ಎಣ್ಣೆಯನ್ನೂ ಅದರ ಬದಲು ಹಾಕಬಾರದು, ಒಳಗಿನ ರಬ್ಬರು ಉಬ್ಬಿ ಹಾಳಾಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಜಾತಿಯನ್ನೇ, ಸೀಲು ಒಡೆಯದ ಡಬ್ಬದಿಂದ ಹಾಕಿ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕೀಳುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಗಾಜು ಒಡೆದರೆ ಸಿಡಿಯದಂತೆ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕವಿರಲಿ.

ಎಲ್ಲಕ್ಕಿಂತ ಮುಖ್ಯವಾದ್ದು, ಇದು ವಿಷ. ಒಮ್ಮೆ ಇದಕ್ಕೆ ಬಳಸಿದ ಬಾಟಲಿ ಮತ್ತೆ ಅಡಿಗೆಮನೆ ಸೇರಬಾರದು. ನಾನು ಅದರ ಮೇಲೆ ಕೆಂಪು ಬಣ್ಣದಲ್ಲಿ 'ವಿಷ, ಬ್ರೇಕ್' ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ನೀವು ಮಾಡಿದರೆ ಮೊದಲು ಚೀಟಿ ಅಂಟಿಸಿ, ಆಮೇಲೆ ಬ್ರೇಕಿನ ಕೆಲಸಕ್ಕೆ ಕೈಹಾಕಿ.