ಅಪ್ಪ ಡಾಕ್ಟರಿಗೆ ನಿಜ ಹೇಳಿದ, ನಾವು ಫಾರ್ಮಿನಲ್ಲಿ ಸುಳ್ಳು ಬರೆದಿದ್ದೆವು

2023ರ ಮಳೆಗಾಲ. ಕಮತಗಿಯ ನಮ್ಮ ಮನೆಯ ಕುಣಿಮಗ್ಗದಲ್ಲಿ ಕೂತಿದ್ದ ಅಪ್ಪನ ಬಲಗಾಲಿನ ಹೆಬ್ಬೆರಳಿಗೆ ಏನೋ ತಾಗಿ ಸಣ್ಣ ಗಾಯವಾಯಿತು. ಅರಿಶಿನ ಹಚ್ಚಿಕೊಂಡು ಮತ್ತೆ ನೇಯಲು ಕೂತರು. ನಾಲ್ಕನೇ ದಿನ ಪಾದ ಬಾತು ಕೆಂಪಾಯಿತು, ಆರನೇ ದಿನ ಚಳಿಜ್ವರ. ರಾತ್ರಿ ಹತ್ತಕ್ಕೆ ಬಾಡಿಗೆ ಕಾರು ಮಾಡಿ ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು.

ಗಾಬರಿ ಇತ್ತು, ದುಡ್ಡಿನ ಚಿಂತೆ ಇರಲಿಲ್ಲ. ಯಾಕೆಂದರೆ ಎರಡು ವರ್ಷದಿಂದ ಆರೋಗ್ಯ ವಿಮೆಯ ಕಂತು ತುಂಬಿದ್ದೆವು. 3 ಲಕ್ಷದ ಪಾಲಿಸಿ. ಕಾರ್ಡಿನ ಫೋಟೊ ತಮ್ಮನ ಮೊಬೈಲಿನಲ್ಲೇ ಇತ್ತು.

ಮೂರನೇ ದಿನ ವಿಮಾ ಕಂಪನಿಯಿಂದ ಉತ್ತರ ಬಂತು: ಕ್ಲೇಮು ಕೊಡುವುದಿಲ್ಲ. ಕಾರಣ ಒಂದೇ ಸಾಲು. ಪಾಲಿಸಿ ಮಾಡಿಸುವಾಗ ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದೀರಿ.

ಮುಚ್ಚಿಟ್ಟಿದ್ದು ನಿಜ.

2021ರಲ್ಲಿ ಪಾಲಿಸಿ ಮಾಡಿಸಿದ್ದು ಪರಿಚಯದ ಏಜೆಂಟರ ಮೂಲಕ. ಅಪ್ಪನಿಗೆ ಆಗ 65 ಮುಗಿಯುತ್ತ ಬಂದಿತ್ತು. "ಈ ತಿಂಗಳ ದಾಟಿದ್ರ ಯಾವ ಕಂಪನೀನೂ ಕೊಡಾಂಗಿಲ್ಲ, ಲಗೂನ ಮಾಡಿಸಿಬಿಡ್ರಿ" ಅಂದಿದ್ದರು. ಫಾರ್ಮಿನಲ್ಲಿ ಬಿಪಿ, ಶುಗರ್, ಹೃದಯ, ಕಿಡ್ನಿ ಅಂತ ಸಾಲುಸಾಲು ಪ್ರಶ್ನೆ. ಅಪ್ಪ 2015ರಿಂದ ಸಕ್ಕರೆ ಗುಳಿಗೆ ನುಂಗುತ್ತಾರೆ ಅಂತ ನಾವು ಹೇಳಿದೆವು. ಏಜೆಂಟರು ಪೆನ್ನು ಎತ್ತಿ ಹಿಡಿದು ನಕ್ಕರು. "ಅದನ್ನ ಬರದ್ರ ಕಂತು ಜಾಸ್ತಿ ಆಕ್ಕೈತಿ, ಇಲ್ಲಾ ಪಾಲಿಸೀನ ಆಗಾಂಗಿಲ್ಲ. ಎಲ್ಲಾರೂ ಇಲ್ಲ ಅಂತನ ಬರಸ್ತಾರ." ನಾವೂ ಇಲ್ಲ ಅಂತಲೇ ಬರೆಸಿದೆವು. ಅಪ್ಪ ಸಹಿ ಮಾಡಿದರು. ಅವರು ಓದಿ ಮಾಡಲಿಲ್ಲ, ಮಕ್ಕಳು ತೋರಿಸಿದ ಕಡೆ ಮಾಡಿದರು.

ಆಸ್ಪತ್ರೆಗೆ ಸೇರಿದ ರಾತ್ರಿ ಡ್ಯೂಟಿ ಡಾಕ್ಟರ್ ಕೇಳಿದಾಗ ಅದೇ ಅಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಕೇಸ್ ಶೀಟಿನಲ್ಲಿ ಎಂಟು ವರ್ಷದ ಮಧುಮೇಹ ಅಂತ ದಾಖಲಾಗಿತ್ತು. ಕಂಪನಿಗೆ ಅಷ್ಟು ಸಾಕಾಯಿತು.

"ಯಾಕಪಾ, ನಾ ಏನ್ ತಪ್ಪ ಹೇಳಿದೆ? ಡಾಕ್ಟರ್ ಕೇಳಿದ್ರು, ಸಕ್ರಿ ಬಂದು ಎಷ್ಟ ವರ್ಷ ಆತು ಅಂತ. ಎಂಟ್ ವರ್ಷ ಅಂದೆ" ಅಂತ ಅಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದರು. ತಾನು ಹೇಳಿದ ಮಾತಿನಿಂದಲೇ ಮಕ್ಕಳಿಗೆ ನಷ್ಟ ಆಯಿತು ಅಂತ ಅವರು ತಿಳಿದುಕೊಂಡಿದ್ದರು. ಫಾರ್ಮಿನ ವಿಷಯ ಹೇಳಲು ನಮಗೆ ಬಾಯಿ ಬರಲಿಲ್ಲ. ಹೇಳಿದ್ದು ಎರಡು ತಿಂಗಳ ಮೇಲೆ, ಅವ್ವನ ಬಂಗಾರ ಅಡವಿಟ್ಟು ಬಿಲ್ಲು ಕಟ್ಟಿದ ನಂತರ. ಬಿಲ್ಲು 1 ಲಕ್ಷ 86 ಸಾವಿರ. ಹೆಬ್ಬೆರಳು ಹೋಯಿತು, ಪಾದ ಉಳಿಯಿತು.

ಇದರಲ್ಲಿ ಇನ್ನೊಂದು ತಪ್ಪೂ ಇದೆ, ಅದು ಪೂರ್ತಿ ನಮ್ಮ ವೃತ್ತಿಗೇ ಸೇರಿದ್ದು. ಪೇಪರಿಗೆ ಸುದ್ದಿ ಕಳಿಸುವ ನಾವು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಬಗ್ಗೆ ಎಷ್ಟು ಸಲ ಬರೆದಿಲ್ಲ! ಪ್ರಕಟಣೆ ಬಂದ ಕೂಡಲೇ ಎರಡು ಪ್ಯಾರಾ ಮಾಡಿ ಕಳಿಸಿದ್ದೇವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರದ ಪ್ಯಾಕೇಜ್ ದರದ ಶೇ 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಬೇಡ. ಇದೆಲ್ಲ ನಮಗೆ ಬಾಯಿಪಾಠ. ಆದರೆ ಆ ರಾತ್ರಿ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಒಂದು ಚೀಟಿ ಬರೆಸಿಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ. ಕಿಸೆಯಲ್ಲಿ ವಿಮೆ ಇದೆ ಎಂಬ ಧೈರ್ಯವೇ ಹೊಳೆಯದಂತೆ ಮಾಡಿತು ಅಂತ ಈಗ ಅನ್ನಿಸುತ್ತದೆ.

ನಮ್ಮ ರೇಷನ್ ಕಾರ್ಡು ಅಷ್ಟೊತ್ತಿಗೆ ಎಪಿಎಲ್ ಆಗಿತ್ತು. ತಮ್ಮ ಗಾಡಿ ಸಾಲಕ್ಕೆ ಅಂತ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದ, ಅದರಿಂದ ಬಿಪಿಎಲ್ ಹೋಯಿತು. ಅಕ್ಕಿ ಹೋಯಿತಲ್ಲ ಅಂತ ಅವ್ವ ಬೇಜಾರು ಮಾಡಿಕೊಂಡಿದ್ದಳು. ಅಕ್ಕಿಯ ಜೊತೆ 5 ಲಕ್ಷದ ಆಸರೆಯೂ ಹೋಗಿದ್ದನ್ನು ನಾವ್ಯಾರೂ ಲೆಕ್ಕ ಹಾಕಿರಲಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದ ತುಂಬ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲ ಎದ್ದಾಗಲೂ ಊರಲ್ಲಿ ಮಾತಾಡಿದ್ದು ಅಕ್ಕಿ ಮತ್ತು ಗೃಹಲಕ್ಷ್ಮಿಯ ಬಗ್ಗೆಯೇ. ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲು ನಿಮ್ಮ ಕಾರ್ಡು ಯಾವುದು, ಈಗಲೂ ಅದೇ ಇದೆಯಾ ಅಂತ ನೋಡಿಕೊಳ್ಳಿ. 104ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ.

ಟ್ರಂಕಿನಲ್ಲಿ ಅಪ್ಪನ ಒಂದು ಪ್ಲಾಸ್ಟಿಕ್ ಚೀಲ ಇದೆ. ಈ ಘಟನೆ ಆದಮೇಲೆ ಒಂದು ದಿನ ಅದನ್ನು ಬಿಚ್ಚಿ ನೋಡಿದೆವು. ಕೈಮಗ್ಗ ನೇಕಾರರಿಗೆ ಅಂತ ಕೇಂದ್ರ ಸರ್ಕಾರ 2005-06ರಲ್ಲಿ ತಂದ ಆರೋಗ್ಯ ವಿಮೆಯ ಕಾರ್ಡು, ಕುಟುಂಬಕ್ಕೆ ವರ್ಷಕ್ಕೆ 15 ಸಾವಿರದ್ದು. ಆಮೇಲೆ 30 ರೂಪಾಯಿ ಕೊಟ್ಟು, ಬೆರಳಚ್ಚು ಕೊಟ್ಟು ಮಾಡಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾದ ಸ್ಮಾರ್ಟ್ ಕಾರ್ಡು, ಅದು 30 ಸಾವಿರದ್ದು. ಹಳೆಯ ಯಶಸ್ವಿನಿ ಕಾರ್ಡು. ಆರೋಗ್ಯ ಕರ್ನಾಟಕದ್ದು. ಎಲ್ಲವನ್ನೂ ರಬ್ಬರ್ ಹಾಕಿ ಇಟ್ಟಿದ್ದಾರೆ. ಇಪ್ಪತ್ತು ವರ್ಷದಲ್ಲಿ ಯೋಜನೆಗಳು ಬಂದವು, ಹೋದವು, ಹೆಸರು ಬದಲಾದವು. ಅಪ್ಪ ಮಾತ್ರ ಒಂದನ್ನೂ ಬಿಸಾಡಿಲ್ಲ, ಒಂದನ್ನೂ ಬಳಸಿಯೂ ಇಲ್ಲ.

ನೇಕಾರನಿಗೆ ನಿವೃತ್ತಿ ಅಂತ ಒಂದು ತಾರೀಕು ಇರುವುದಿಲ್ಲ. ಮೊದಲು ಕಣ್ಣು, ಆಮೇಲೆ ಮೊಣಕಾಲು. ಇಳಕಲ್ ಸೀರೆಯ ಸೆರಗಿಗೆ ಕೊಂಡಿ ಹಾಕುವ ಕೆಲಸ ಅಪ್ಪನಿಗೆ ಈಗ ಆಗುವುದಿಲ್ಲ. ಪಿಂಚಣಿ ಇಲ್ಲ, ನೌಕರಿಯ ವಿಮೆ ಇಲ್ಲ. ಅಂಥ ಮನೆಯಲ್ಲಿ 69ರ ಅಪ್ಪನಿಗೂ 64ರ ಅವ್ವನಿಗೂ ಮತ್ತೆ ಒಂದು ವಿಮೆ ಆರಿಸಬೇಕಾಯಿತು. ಈ ಸಲ ನಾವೇ ಕೂತು ಓದಿದೆವು. ಓದಿದ್ದರಲ್ಲಿ ನಿಮಗೂ ಉಪಯೋಗ ಆಗುವಷ್ಟನ್ನು ಹೇಳುತ್ತೇವೆ.

65 ದಾಟಿದರೆ ವಿಮೆ ಸಿಗಲ್ಲ ಅನ್ನುವ ಮಾತನ್ನು ಈಗ ನಂಬಬೇಡಿ. ವಿಮಾ ಕಂಪನಿಗಳ ಮೇಲಿರುವ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಏಪ್ರಿಲ್‌ನಿಂದ ಹೊಸ ನಿಯಮ ತಂದಿದ್ದು, ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕು. ಸಿಗುತ್ತದೆ ಅಂದಮಾತ್ರಕ್ಕೆ ಅಗ್ಗಕ್ಕೆ ಸಿಗುತ್ತದೆ ಅಂತಲ್ಲ. ನಮ್ಮ ಅಪ್ಪ ಅವ್ವನಿಗೆ ಸಕ್ಕರೆ, ಬಿಪಿ ಎಲ್ಲ ಬರೆಸಿ ಕೇಳಿದಾಗ 5 ಲಕ್ಷದ ಪಾಲಿಸಿಗೆ ವರ್ಷಕ್ಕೆ 50 ಸಾವಿರದ ಆಸುಪಾಸು ಹೇಳಿದರು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ, ಹೋದಮೇಲಿನ ಲೆಕ್ಕವೇ ಇದು. 60 ದಾಟಿದವರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಅಂತ 2025ರ ಜನವರಿಯಲ್ಲಿ ಆದೇಶ ಆಗಿದೆ. ಅದೊಂದು ಸಮಾಧಾನ. ಆದರೂ ಶೇ 10ರಂತೆ ಏರಿದರೆ 50 ಸಾವಿರ ಐದು ವರ್ಷಕ್ಕೆ 80 ಸಾವಿರ ಮುಟ್ಟುತ್ತದೆ. ವರ್ಷಕ್ಕೆ ಎಷ್ಟು ಅಂತ ಕೇಳುವಾಗ ಐದನೇ ವರ್ಷಕ್ಕೆ ಎಷ್ಟು ಅಂತಲೂ ಕೇಳಿ.

ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ, ಹೆಚ್ಚೆಂದರೆ ಮೂರು ವರ್ಷ. ಅಂದರೆ ಸಕ್ಕರೆ ಇದೆ ಅಂತ ಬರೆಸಿದರೆ, ಅದರಿಂದ ಬರುವ ತೊಂದರೆಗೆ ಆ ಅವಧಿ ಮುಗಿಯುವತನಕ ದುಡ್ಡು ಬರುವುದಿಲ್ಲ, ಮುಗಿದಮೇಲೆ ಬರುತ್ತದೆ. ಮುಚ್ಚಿಟ್ಟರೆ ನಮ್ಮಂತೆ ಆಗುತ್ತದೆ. ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲು ಬದಲಿ ಇಂಥವಕ್ಕೂ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಹಾಗಾಗಿ ಕಾಲು ನೋಯಲು ಶುರುವಾದಮೇಲೆ ವಿಮೆ ಹುಡುಕಿದರೆ ಉಪಯೋಗವಿಲ್ಲ. ಅವ್ವನ ವಿಷಯದಲ್ಲಿ ನಾವು ಅಷ್ಟರಮಟ್ಟಿಗೆ ತಡ ಮಾಡಿದ್ದೇವೆ.

ಇನ್ನು ಕೋ-ಪೇ. ಶೇ 20 ಕೋ-ಪೇ ಅಂದರೆ ಪ್ರತಿ 1 ಲಕ್ಷದ ಬಿಲ್ಲಿಗೆ 20 ಸಾವಿರ ನಿಮ್ಮ ಕಿಸೆಯಿಂದ. ವಯಸ್ಸಾದವರ ಪಾಲಿಸಿಗಳಲ್ಲಿ ಇದು ಹೆಚ್ಚಾಗಿ ಇರುತ್ತದೆ, ಕಂತು ಕಡಿಮೆ ಕಂಡರೆ ಮೊದಲು ಇಲ್ಲೇ ಹುಡುಕಿ.

ರೂಮ್ ಬಾಡಿಗೆಯ ಮಿತಿ ಮಾತ್ರ ನಮಗೆ ಅರ್ಥವಾಗಲು ಮೂರು ದಿನ ಬೇಕಾಯಿತು. 3 ಲಕ್ಷದ ಪಾಲಿಸಿ, ದಿನಕ್ಕೆ ಶೇ 1 ಅಂತ ಇದ್ದರೆ 3 ಸಾವಿರದ ರೂಮು. ನೀವು 6 ಸಾವಿರದ ರೂಮು ಹಿಡಿದಿರಿ ಅನ್ನಿ. ಮೇಲಿನ 3 ಸಾವಿರ ಕಟ್ಟಿದರೆ ಮುಗಿಯಿತು ಅಂದುಕೊಂಡರೆ ತಪ್ಪು. ರೂಮಿನಲ್ಲಿ ಅರ್ಧ ಕೊಡುವ ಕಂಪನಿ ಡಾಕ್ಟರ ಫೀಯಲ್ಲೂ ಆಪರೇಷನ್ ಥಿಯೇಟರಿನ ಬಿಲ್ಲಿನಲ್ಲೂ ಅರ್ಧವನ್ನೇ ಕೊಡಬಹುದು. ಔಷಧಿಗೆ ಈ ಕಡಿತ ಇಲ್ಲ. ರೂಮು ಆರಿಸುವುದು ಗಾಬರಿಯ ಹೊತ್ತಿನಲ್ಲಿ, ಅದೂ ಅಕ್ಕಪಕ್ಕದವರ ಎದುರಿಗೆ. ಕಡಿಮೆ ರೂಮು ಹಿಡಿದರೆ ಏನಂದಾರು ಅನ್ನುವುದು ನಮ್ಮ ಕಡೆ ಬಿಲ್ಲಿಗಿಂತ ದೊಡ್ಡ ಕಾಯಿಲೆ.

ಪಾಲಿಸಿಗಳನ್ನು ಹೋಲಿಸಿ ಹೋಲಿಸಿ ತಲೆ ಕೆಟ್ಟರೆ ಆರೋಗ್ಯ ಸಂಜೀವನಿ ಅನ್ನುವ ಹೆಸರು ಹೇಳಿ ಕೇಳಿ. 2020ರ ಏಪ್ರಿಲ್‌ನಲ್ಲಿ ಬಂದ ಈ ಪಾಲಿಸಿಯ ಷರತ್ತು ಎಲ್ಲ ಕಂಪನಿಯಲ್ಲೂ ಒಂದೇ, ಕಂತು ಮಾತ್ರ ಬೇರೆ. ಕೋ-ಪೇ ಶೇ 5. ಯಾವ ಪಾಲಿಸಿಯೇ ಇರಲಿ, ಕಾಗದ ಕೈಗೆ ಬಂದಮೇಲೆ ಓದಿ ನೋಡಿ ಬೇಡ ಅನ್ನಿಸಿದರೆ 30 ದಿನದೊಳಗೆ ವಾಪಸ್ ಮಾಡಬಹುದು. ನಮ್ಮ ಮೊದಲ ಪಾಲಿಸಿಯ ಕಾಗದವನ್ನು ನಾವು ಲಕೋಟೆಯಿಂದ ತೆಗೆದದ್ದೇ ಆಸ್ಪತ್ರೆಯಲ್ಲಿ. ಅನ್ಯಾಯವಾಗಿ ಕ್ಲೇಮು ತಿರಸ್ಕರಿಸಿದರೆ ಐಆರ್‌ಡಿಎಐನ ಬಿಮಾ ಭರೋಸಾಕ್ಕೆ 155255 ನಂಬರಿಗೆ ದೂರು ಕೊಡಬಹುದು, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯೂ ಇದೆ. ನಾವು ದೂರು ಕೊಡಲಿಲ್ಲ. ಏನಂತ ಕೊಡುವುದು?

70 ತುಂಬಿದವರಿಗೆ ಆದಾಯ ಎಷ್ಟಿದ್ದರೂ 5 ಲಕ್ಷದವರೆಗೆ ಚಿಕಿತ್ಸೆ ಅನ್ನುವ ಆಯುಷ್ಮಾನ್ ವಯವಂದನಾ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಅಪ್ಪನಿಗೆ ಇನ್ನೂ ಒಂದು ವರ್ಷ ಬಾಕಿ. ನಿಮ್ಮ ಮನೆಯಲ್ಲಿ 70 ದಾಟಿದವರಿದ್ದರೆ, ನೀವು ಹೋಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಅಲ್ಲಿ ಆ ಕಾರ್ಡಿನ ಮೇಲೆ ಸೇರಿಸಿಕೊಳ್ಳುತ್ತಾರಾ ಅಂತ ಈಗಲೇ ಕೇಳಿ. ಆಂಬುಲೆನ್ಸಿನಲ್ಲಿ ಕೂತು ಕೇಳುವ ಪ್ರಶ್ನೆ ಅಲ್ಲ ಅದು.

ಕೊನೆಗೆ ನಮ್ಮ ಎದುರು ಉಳಿದಿದ್ದು ಎರಡು ದಾರಿ. ಒಂದು, 50 ಸಾವಿರದ ಖಾಸಗಿ ಪಾಲಿಸಿ. ಇನ್ನೊಂದು, ಅಪ್ಪ ಸದಸ್ಯರಾಗಿರುವ ನೇಕಾರರ ಸಹಕಾರ ಸಂಘದ ಮೂಲಕ ಯಶಸ್ವಿನಿ. 2003ರಲ್ಲಿ ಶುರುವಾಗಿ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಯೋಜನೆ ಅದು. ಗ್ರಾಮೀಣ ಸಹಕಾರ ಸಂಘದವರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದ ಸಂಘದವರಿಗೆ 1,000. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ. ನೋಂದಣಿ ವರ್ಷಕ್ಕೊಮ್ಮೆ ತೆರೆಯುತ್ತದೆ, ಆ ತಿಂಗಳುಗಳು ತಪ್ಪಿದರೆ ಮುಂದಿನ ವರ್ಷವೇ. ಬೇರೆ ಆರೋಗ್ಯ ವಿಮೆ ಇದ್ದವರಿಗೆ ಯಶಸ್ವಿನಿ ಇಲ್ಲ ಅಂತ ನಿಯಮ ಇರುವುದರಿಂದ ಎರಡನ್ನೂ ಹಿಡಿಯುವಂತಿಲ್ಲ.

ಮೂರು ರಾತ್ರಿ ಇದೇ ಮಾತು. ತಮ್ಮ ಖಾಸಗಿಯೇ ಇರಲಿ ಅಂದ, ಎಲ್ಲ ದೊಡ್ಡ ಆಸ್ಪತ್ರೆಗೂ ಹೋಗಬಹುದು ಅಂತ. ಅವನ ಮಾತಲ್ಲಿ ತಪ್ಪಿರಲಿಲ್ಲ. ಆದರೆ ಸ್ಟ್ರಿಂಗರ್ ಕೆಲಸದಲ್ಲಿ ಬರುವ ದುಡ್ಡು, ಅವನ ಗಾಡಿಯ ಬಾಡಿಗೆ, ಬಂಗಾರದ ಬಡ್ಡಿ ಎಲ್ಲ ಕೂಡಿಸಿ ಕಳೆದು ನೋಡಿದರೆ ಕಂತನ್ನು ಒಂದು ವರ್ಷ ತುಂಬಬಹುದು, ಹೆಚ್ಚೆಂದರೆ ಎರಡು. ಮೂರು ವರ್ಷ ಕಾಯುವ ಅವಧಿ ಮುಗಿಯುವ ಮೊದಲೇ ಕೈಬಿಡುವ ಪಾಲಿಸಿಗೆ ಕಂತು ತುಂಬಿ ಏನು ಮಾಡುವುದು? ಯಶಸ್ವಿನಿಯನ್ನೇ ಆರಿಸಿದೆವು. ಜೊತೆಗೆ ತಿಂಗಳಿಗೆ 2 ಸಾವಿರದಂತೆ ಅವ್ವನ ಹೆಸರಲ್ಲಿ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ ಮಾಡಿದೆವು, ಪಟ್ಟಿಯಲ್ಲಿ ಇಲ್ಲದ ಖರ್ಚಿಗೆ. ತಿಂಗಳ ಸಂಬಳ ಬರುವ ಮನೆಯಾಗಿದ್ದರೆ, ಅಪ್ಪನಿಗೆ ಇನ್ನೂ 58 ಆಗಿದ್ದರೆ, ನಾವು ಖಾಸಗಿ ಪಾಲಿಸಿಯನ್ನೇ ಮಾಡಿಸುತ್ತಿದ್ದೆವು, ಎಲ್ಲವನ್ನೂ ನಿಜ ಬರೆಸಿ. ಮಗ ನೌಕರಿಯಲ್ಲಿದ್ದರೆ ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿಯನ್ನು ಸೇರಿಸಲು ಬರುತ್ತದಾ ಅಂತಲೂ ಕೇಳುತ್ತಿದ್ದೆವು.

ಆಯ್ಕೆ ಮಾಡುವಾಗ ಸೇರಿದ ಆಸ್ಪತ್ರೆಗಳ ಪಟ್ಟಿ ತೆಗೆದು ಬಾಗಲಕೋಟೆ, ಇಳಕಲ್, ಹುಬ್ಬಳ್ಳಿಯಲ್ಲಿ ಯಾವುವಿವೆ ಅಂತ ಗುರುತು ಮಾಡಿದೆವು. ಆ ಹೆಸರುಗಳನ್ನು, ಆರೋಗ್ಯಮಿತ್ರರ ನಂಬರನ್ನು, ಅಪ್ಪ ಅವ್ವ ನುಂಗುವ ಗುಳಿಗೆಗಳನ್ನು ಒಂದು ಹಾಳೆಯಲ್ಲಿ ಬರೆದು ಮಗ್ಗದ ಮೇಲಿನ ಗೋಡೆಗೆ ಅಂಟಿಸಿದ್ದೇವೆ. ರಾತ್ರಿ ಹತ್ತಕ್ಕೆ ಮತ್ತೆ ಕಾರು ಮಾಡಬೇಕಾಗಿ ಬಂದರೆ ಯಾವ ಕಡೆ ತಿರುಗಬೇಕು ಅಂತ ಡ್ರೈವರಿಗೂ ಗೊತ್ತಾಗಲಿ ಅಂತ.

ನೋಂದಣಿಗೆ ಸಂಘಕ್ಕೆ ಹೋದ ದಿನ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದರು. ಗುಮಾಸ್ತರು ರೇಷನ್ ಕಾರ್ಡು, ಆಧಾರ್, ಫೋಟೊ ಇಸಿದುಕೊಂಡು ಅರ್ಜಿ ತುಂಬಿ ಸಹಿಗೆ ಮುಂದಿಟ್ಟರು. ಅಪ್ಪ ಪೆನ್ನು ಹಿಡಿಯಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದರು. ಹಿಂದೆ ನಿಂತವರು ಗೊಣಗಿದರು.

"ಸಕ್ರಿ ಐತಿ ಅಂತ ಎಲ್ಲಿ ಬರದೀರಿ?" ಅಂದರು.

"ಅಜ್ಜಾರ, ಇದರಾಗ ಅದನ್ನ ಕೇಳಿಲ್ರಿ."

"ಕೇಳದಿದ್ರ ಏನಾತು, ಬರಕೋರಿ. ಹತ್ತ ವರ್ಷ ಆತು ಅಂತ ಬರೀರಿ."

ಗುಮಾಸ್ತರು ನಮ್ಮ ಮುಖ ನೋಡಿದರು. ನಾವು ಬರೀರಿ ಅಂದೆವು. ಅವರು ಅರ್ಜಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು, ಅಪ್ಪ ಅದನ್ನೂ ಓದಿ ಸಹಿ ಮಾಡಿದರು.