ಬೆಳಕಿಗೂ ಉಳಿತಾಯ ಬೇಕು

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಮನೆಯ ಇನ್ವರ್ಟರ್ ಕೈಕೊಟ್ಟಿತು. ಕರೆಂಟು ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ದೀಪಗಳೆಲ್ಲ ಆರಿದವು. ಮರುದಿನ ಬಂದ ಎಲೆಕ್ಟ್ರಿಶಿಯನ್ ಬ್ಯಾಟರಿಯ ಮುಚ್ಚಳ ತೆರೆದು, "ಇದಕ್ಕೆ ನೀರು ಹಾಕಿ ಎಷ್ಟು ಸಮಯವಾಯಿತಕ್ಕಾ?" ಎಂದು ಕೇಳಿದ. ನಾನು ಪತಿಯ ಮುಖ ನೋಡಿದೆ, ಅವರು ಮಗನ ಮುಖ ನೋಡಿದರು. ನಿಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಯಾರ ಬಳಿ ಉತ್ತರವಿದೆ, ಹೇಳಿ?

ಹೊಸ ಬ್ಯಾಟರಿಯ ಬೆಲೆ ಕೇಳಿ ಎದೆ ಧಸಕ್ಕೆಂದಾಗ, ಹಿಂದೊಮ್ಮೆ ಓದಿದ್ದ ಧರನಾಯಿ ಎಂಬ ಹಳ್ಳಿ ನೆನಪಾಯಿತು.

ಅದು ಬಿಹಾರದ ಜೆಹಾನಾಬಾದ್ ಜಿಲ್ಲೆಯಲ್ಲಿದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕರೆಂಟಿಲ್ಲದೆ ಕಳೆದ ಊರು. 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಇತರರ ಜೊತೆ ಸೇರಿ ಅಲ್ಲಿ 100 ಕಿಲೋವ್ಯಾಟ್‌ನ ಸೌರ ವಿದ್ಯುತ್ ವ್ಯವಸ್ಥೆ ನಿರ್ಮಿಸಿತು. ಹಗಲಿನ ಬಿಸಿಲು ವಿದ್ಯುತ್ತಾಗಿ ಬ್ಯಾಟರಿಗಳಲ್ಲಿ ತುಂಬುತ್ತಿತ್ತು, ರಾತ್ರಿ ತಂತಿಗಳಲ್ಲಿ ಹರಿದು ಸುಮಾರು 450 ಮನೆಗಳನ್ನು ಬೆಳಗುತ್ತಿತ್ತು. ಬೀದಿಗೂ ದೀಪ ಬಂತು, ಶಾಲೆಗೂ ಬಂತು.

ಆದರೆ ಬ್ಯಾಟರಿಯೆಂದರೆ ನೀರಿನ ಟ್ಯಾಂಕಿನ ಹಾಗೆ, ತುಂಬಿದ್ದಷ್ಟೇ ಸಿಗುವುದು. ಹೆಚ್ಚು ವಿದ್ಯುತ್ ಎಳೆಯುವ ಉಪಕರಣ ಬಳಸಬಾರದೆಂಬ ಕಟ್ಟಳೆಯಿತ್ತು. ಸರಕಾರಿ ಕರೆಂಟಿಗಿಂತ ದರವೂ ಹೆಚ್ಚು. "ನಮಗೆ ಅಸಲಿ ಕರೆಂಟು ಕೊಡಿ" ಎಂದು ಊರವರು ಕೇಳಿದರು. ಅವರನ್ನು ದೂರುವುದು ಹೇಗೆ? ಫ್ಯಾನು, ಫ್ರಿಜ್ಜು ನಮಗೆ ಬೇಕಾದಂತೆ ಅವರಿಗೂ ಬೇಡವೇ? ಸ್ವಲ್ಪ ಕಾಲದಲ್ಲೇ ಸರಕಾರದ ಲೈನು ಬಂತು. ಇತ್ತ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಸೊರಗಿದವು, ಬದಲಿಸುವುದು ದುಬಾರಿಯಾಯಿತು. 2021ರ ಹೊತ್ತಿಗೆ ಆ ಸೌರ ಕೇಂದ್ರದಲ್ಲಿ ದನ ಕಟ್ಟುತ್ತಿದ್ದರೆಂದು ವರದಿಯಾಯಿತು.

ತಪ್ಪು ಬಿಸಿಲಿನದಲ್ಲ. ಸೌರ ಫಲಕ ಇಪ್ಪತ್ತು, ಇಪ್ಪತ್ತೈದು ವರ್ಷ ಬಾಳಬಲ್ಲದು. ನಮ್ಮ ಮನೆಯಲ್ಲಿರುವಂಥ ಸೀಸದ ಬ್ಯಾಟರಿಗೆ ಅಷ್ಟು ಆಯುಷ್ಯವಿಲ್ಲ. ಹಾಗಾಗಿ ಅದನ್ನು ಕೂರಿಸಿದ ದಿನದಿಂದಲೇ ಬದಲಿಸುವ ದಿನಕ್ಕಾಗಿ ಹಣ ಕೂಡಿಡಬೇಕು. ಸಹೋದರಿಯರೇ, ಇದು ನಮಗೆ ಹೊಸ ವಿದ್ಯೆಯೇನಲ್ಲ. ಮಕ್ಕಳ ಶಾಲೆಯ ಫೀಸನ್ನು ನಾವು ಜೂನ್ ತಿಂಗಳಲ್ಲಿ ಹುಡುಕುತ್ತೇವೆಯೇ? ವರ್ಷವಿಡೀ ಅಷ್ಟಿಷ್ಟು ತೆಗೆದಿಡುವುದಿಲ್ಲವೇ? ಊರಿನ ಬೆಳಕಿನ ಲೆಕ್ಕಕ್ಕೂ ಅಂಥ ಕೈಗಳು ಬೇಕು.

ಈಗ ನಮ್ಮಲ್ಲಿ ಬ್ಯಾಟರಿಯ ನೀರು ನೋಡುವ ಕೆಲಸ ಮಗನದು. ಅಡುಗೆಮನೆಯ ಕಪಾಟಿನಲ್ಲಿ ಒಂದು ಡಬ್ಬವಿಟ್ಟಿದ್ದೇನೆ. ತಿಂಗಳಿಗೆ ಮುನ್ನೂರು ರೂಪಾಯಿ ಅದರೊಳಗೆ ಹೋಗುತ್ತದೆ. ಪತಿ ಅದನ್ನು ನೋಡಿ ನಕ್ಕರು. ನಗಲಿ. ಆ ಕತ್ತಲೆಯ ರಾತ್ರಿ ಅವರೂ ನನ್ನ ಪಕ್ಕದಲ್ಲೇ ಬೆವರುತ್ತಾ ಕೂತಿದ್ದರು!