ಬಂಗಾರದ ಬೀಗ

ವಿದ್ಯೆಯು ಕಳ್ಳರು ಕದಿಯಲಾರದ ಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ವಿದ್ಯೆಯನ್ನೇ ಬೀಗದ ಕೀಲಿಯಾಗಿ ಮಾಡಹೊರಟರೆ ಏನಾದೀತೆಂಬುದನ್ನು ವಿಜ್ಞಾನೋಪಾಧ್ಯಾಯರೊಬ್ಬರ ಅನುಭವವು ತಿಳಿಸುತ್ತದೆ.

ಪ್ರೌಢಶಾಲೆಯೊಂದರಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಅವರು ಮಕ್ಕಳ ಅಂಕಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಇರಿಸಿದ್ದರು. ಪಾಸ್‌ವರ್ಡ್ ಬೇಕಾದಾಗ ಬಂಗಾರದ ಹೆಸರಿಗೆ ಅದರ ಪರಮಾಣು ಸಂಖ್ಯೆಯಾದ 79ನ್ನು ಜೋಡಿಸಿ ನಿಶ್ಚಿಂತರಾದರು. ಶಾಸ್ತ್ರವನ್ನರಿಯದವರಿಗೆ ಇದು ಹೊಳೆಯಲಾರದೆಂಬುದು ಅವರ ನಂಬಿಕೆ. ಒಂದು ಸಂಜೆ ಹತ್ತನೆಯ ತರಗತಿಯ ಹುಡುಗನೊಬ್ಬನು ತಲೆತಗ್ಗಿಸಿ ಬಂದು ನಿಂತನು.

“ಸಾರ್, ತಮ್ಮ ಪಾಸ್‌ವರ್ಡ್ ನನಗೆ ಗೊತ್ತಾಯಿತು. ತೆರೆದು ನೋಡಿದೆ, ತಪ್ಪಾಯಿತು. ಏನನ್ನೂ ತಿದ್ದಿಲ್ಲ.”

ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ, “ತಾವು ಪಾಠದಲ್ಲಿ ಯಾವಾಗಲೂ ಬಂಗಾರದ ಉದಾಹರಣೆಯನ್ನೇ ಕೊಡುತ್ತೀರಲ್ಲ, ಸಾರ್” ಎಂದನು.

ಉಪಾಧ್ಯಾಯರು ಗದರಲಿಲ್ಲ. ಪರರ ಬಾಗಿಲನ್ನು ತೆರೆಯಬಾರದೆಂದು ಮೆಲುದನಿಯಲ್ಲಿ ತಿಳಿಹೇಳಿ ಕಳುಹಿಸಿದರು. ಆದರೆ ಅಷ್ಟೊಂದು ಮಕ್ಕಳ ವರ್ಷದ ಶ್ರಮವು ಒಬ್ಬ ಬಾಲಕನ ಪ್ರಾಮಾಣಿಕತೆಯಿಂದ ಮಾತ್ರ ಉಳಿದಿತೆಂಬ ನಾಚಿಕೆಯು ಅವರನ್ನು ಆ ರಾತ್ರಿ ನಿದ್ರಿಸಗೊಡಲಿಲ್ಲ.

ಗೂಢಲಿಪಿಯ ವಿಧಾನವು ಶತ್ರುವಿಗೆ ತಿಳಿದರೂ ಕೇಡಾಗಬಾರದು, ಗುಟ್ಟೆಲ್ಲವೂ ಕೀಲಿಯಲ್ಲಿರಬೇಕೆಂಬ ತತ್ತ್ವವನ್ನು 1883ರಲ್ಲಿಯೇ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾಧ್ಯಾಪಕನು ಸಾರಿದ್ದನು. ಪರಮಾಣು ಸಂಖ್ಯೆಯೋ ಪಠ್ಯಪುಸ್ತಕದಲ್ಲಿ ಅಚ್ಚಾದದ್ದು, ಅದು ಗುಟ್ಟಾಗುವುದೆಂತು? ನಮ್ಮ ಪೂರ್ವಿಕರ ಕಟಪಯಾದಿಯನ್ನೇ ನೋಡಬಹುದು. ‘ಮಾಯಾಮಾಳವಗೌಳ’ದಲ್ಲಿ ಮಕಾರಕ್ಕೆ 5, ಯಕಾರಕ್ಕೆ 1, ತಿರುಗಿಸಿ ಓದಿದರೆ 15, ಅದೇ ಮೇಳಕರ್ತದ ಕ್ರಮಸಂಖ್ಯೆ. ಈ ಕ್ರಮವನ್ನು ಅವರು ಬಳಸಿದ್ದು ಮರೆಮಾಚುವುದಕ್ಕಲ್ಲ, ಮರೆಯದಿರುವುದಕ್ಕೆ.

ಈ ಭೇದವು ಮನಸ್ಸಿಗೆ ಬಂದೊಡನೆ ಉಪಾಧ್ಯಾಯರು 118 ಮೂಲವಸ್ತುಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ಹಾಕಿದರು. ಕಣ್ಣುಮುಚ್ಚಿ ಒಂದೊಂದನ್ನೇ ಎತ್ತಿ, ನೋಡಿ, ಮರಳಿ ಹಾಕಿ ಕಲಸುತ್ತ, ಎಂಟು ಹೆಸರುಗಳನ್ನು ಪಡೆದರು. ಹೀಗೆ ಎತ್ತಿದರೆ ಆಗಬಹುದಾದ ಸರಣಿಗಳು 37,000 ಲಕ್ಷ ಕೋಟಿಗೂ ಮಿಗಿಲು. ಇಷ್ಟವಾದುದನ್ನು ಆರಿಸಲಿಲ್ಲ, ಬಂದ ಕ್ರಮವನ್ನು ಬದಲಿಸಲಿಲ್ಲ. ಏಕೆಂದರೆ ಮೆಚ್ಚಿನದನ್ನು ಮೆಚ್ಚಿದವರು ಊಹಿಸಬಲ್ಲರು.

ಇನ್ನು ನೆನಪಿನ ಮಾತು. ಅವರ ವಿದ್ಯೆಯು ನಿಜವಾಗಿ ಒದಗಿದುದು ಇಲ್ಲಿಯೇ. ಅನ್ಯರಿಗೆ ಒಣಹೆಸರುಗಳಾದವು ಅವರಿಗೆ ಚಿತ್ರಗಳಾದವು. ಉದಾಹರಣೆಗೆ ಗ್ಯಾಲಿಯಂ, ನಿಯಾನ್, ಪಾದರಸ, ಗಂಧಕ ಎಂದು ಬಂದರೆ, ಅಂಗೈಯ ಬಿಸಿಗೆ ಕರಗುವ ಲೋಹ, ಅದರ ಮೇಲೆ ಬೀಳುವ ಕೆಂಪು ದೀಪದ ಬೆಳಕು, ಆ ಬೆಳಕಿನಲ್ಲಿ ಉರುಳುವ ಪಾದರಸದ ಹನಿಗಳು, ಚೆಲ್ಲಿದ ಪಾದರಸದ ಮೇಲೆ ಎರಚುವ ಗಂಧಕದ ಹಳದಿ ಪುಡಿ, ಹೀಗೆ ಒಂದು ಪುಟ್ಟ ಕಥೆಯೇ ಕಣ್ಣಮುಂದೆ ನಿಲ್ಲುವುದು. ಅವರ ಎಂಟು ಹೆಸರುಗಳೂ ಇಂತಹ ಕಥೆಯೊಂದರಲ್ಲಿ ನೆಲೆನಿಂತವು.

ಮರುದಿನ ಅವರು ಹುಡುಗನನ್ನು ಕರೆದು ಈ ವಿಧಾನವನ್ನೆಲ್ಲ ಬಿಚ್ಚಿ ಹೇಳಿದರು.

“ಈಗ ಕಂಡುಹಿಡಿಯಬಲ್ಲೆಯೇನಪ್ಪ?”

ಹುಡುಗನು ತುಸು ಯೋಚಿಸಿ, “ಇಲ್ಲ, ಸಾರ್” ಎಂದು ನಕ್ಕನು.

ಕಲಿತದ್ದು ಲೋಕಕ್ಕೆಲ್ಲ ಸೇರಿದ್ದು. ಅದನ್ನು ಹಂಚಿದಷ್ಟೂ ಲೇಸು. ಕೀಲಿಯೊಂದನ್ನು ಮಾತ್ರ ಹಂಚಲಾಗದು. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡ ಉಪಾಧ್ಯಾಯರು ಬಂಗಾರದ ಉದಾಹರಣೆಯನ್ನು ಮೊದಲಿನಂತೆಯೇ ನಿರ್ಭಯವಾಗಿ ಕೊಡುತ್ತ ಬಂದರು.